ಸೊಸೆಯ ಪರೀಕ್ಷೆ

ಪರೀಕ್ಷೆಗೆ ಕುಳಿತುಕೊಳ್ಳುವವರು ಒಬ್ಬರೇ ಆದರೂ ಪರೀಕ್ಷೆಗೆ ಒಳಗಾಗುವುದು ಇಡೀ ಮನೆ ಎಂಬುದು ಸಂಸಾರವಂದಿಗರೆಲ್ಲರೂ ಬಲ್ಲ ಸಂಗತಿ. ಮಕ್ಕಳ ಶಾಲೆಯ ಪರೀಕ್ಷೆಗಳ ಕಾಲದಲ್ಲಿ ಇದು ಎಲ್ಲ ಮನೆಗಳಲ್ಲಿಯೂ ಅನುಭವಕ್ಕೆ ಬರುವುದುಂಟು. ಆದರೆ ಮೂವತ್ತು ವರ್ಷ ದಾಟಿದ, ಒಂದು ಮಗುವಿನ ತಾಯಿಯಾದ ಹೆಣ್ಣುಮಗಳೊಬ್ಬಳು ಮತ್ತೆ ಪುಸ್ತಕವನ್ನು ಕೈಗೆತ್ತಿಕೊಂಡು, ಒಂದು ವೃತ್ತಿಯ ಬಾಗಿಲನ್ನು ತಟ್ಟಲು ಹೊರಟಾಗ ಮನೆಯು ಅದಕ್ಕೆ ಹೇಗೆ ಹೊಂದಿಕೊಳ್ಳಬೇಕಾಗುವುದು, ಹೊಂದಿಕೊಳ್ಳುವಾಗ ಏನನ್ನು ಕಲಿಯುವುದು ಎಂಬುದನ್ನು ನಾವು ಈಚಿನ ವರ್ಷಗಳಲ್ಲಿ ಹತ್ತಿರದಿಂದ ಕಂಡಿರುವೆವು. ಅದನ್ನು ವಾಚಕರ ಮುಂದಿಡುವುದು ನಿಷ್ಪ್ರಯೋಜಕವಾಗಲಾರದೆಂದು ಭಾವಿಸುತ್ತೇವೆ.

ನಾವು ಮೂಲತಃ ಧಾರವಾಡದ ಕಡೆಯವರು. ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಮನೆ ಮಾಡಿಕೊಂಡು ಮೂವತ್ತು ವರ್ಷಗಳ ಮೇಲಾಯಿತು. ನಮ್ಮ ಸೊಸೆ ಹುಬ್ಬಳ್ಳಿಯವಳು. ಅಲ್ಲಿ ಕಾನೂನು ಓದಿ, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಹಿರಿಯ ವಕೀಲರೊಬ್ಬರ ಕೈಕೆಳಗೆ ಒಂದೂವರೆ ವರ್ಷ ಕೆಲಸ ಮಾಡಿದ ಮೇಲೆ ಮದುವೆಯಾಗಿ ಇಲ್ಲಿಗೆ ಬಂದಳು. ಇಲ್ಲಿ ಅವಳಿಗೆ ಒಂದು ಕಾನೂನು ಕಚೇರಿಯಲ್ಲಿ ಕಾಗದಪತ್ರಗಳನ್ನು ಸಿದ್ಧಪಡಿಸುವ ಸಹಾಯಕಳ ಕೆಲಸವು ದೊರೆಯಿತು. ಕರಡನ್ನು ಬರೆಯುವುದು ಇವಳು, ಅದಕ್ಕೆ ಸಹಿ ಹಾಕುವುದು ಮತ್ತೊಬ್ಬರು. ಏಕೆಂದರೆ ಅರ್ಹತೆಯಿಲ್ಲದೆ ‘ಸಾಲಿಸಿಟರ್’ ಎಂಬ ಹೆಸರನ್ನು ಧರಿಸುವುದು ೧೯೭೪ರ ಕಾಯಿದೆಯ ಪ್ರಕಾರ ಇಲ್ಲಿ ಅಪರಾಧ. ಹೀಗೆ ನಾಲ್ಕು ವರ್ಷ ಕಳೆದ ಮೇಲೆ, ಮಗು ಶಾಲೆಗೆ ಹೋಗಲಾರಂಭಿಸಿದ ತಿಂಗಳಲ್ಲಿ, ಒಂದು ರಾತ್ರಿ ಊಟವಾದ ಬಳಿಕ ತಾನು ಪರೀಕ್ಷೆಗೆ ಕಟ್ಟಬೇಕೆಂದಿರುವುದಾಗಿ ಅವಳು ನಮಗೆ ತಿಳಿಸಿದಳು. ಅವಳು ಅನುಮತಿ ಕೇಳಲಿಲ್ಲ, ಸಹಾಯ ಕೇಳಿದಳು. ಅದು ನಮಗೆ ಸರಿಯೆನಿಸಿತು.

ನಮ್ಮ ನಾಡಿನ ವಾಚಕರಲ್ಲಿ ಕೆಲವರಿಗೆ ಸಾಲಿಸಿಟರ್ ಎಂಬ ಪದವು ಅಪರಿಚಿತವಾಗಿ ತೋರಬಹುದು. ಭಾರತದಲ್ಲಿ ಈಗ ವಕೀಲರೆಂಬುದು ಒಂದೇ ವರ್ಗ. ಮುಂಬಯಿಯಂತಹ ಕಡೆ ಮಾತ್ರ ಸಾಲಿಸಿಟರ್ ಎಂಬ ಹಳೆಯ ಹೆಸರು ಉಳಿದುಬಂದಿದೆ. ಇಂಗ್ಲೆಂಡು ಮತ್ತು ವೇಲ್ಸ್ ದೇಶಗಳಲ್ಲಾದರೋ ಈ ವೃತ್ತಿಗೆ ಎರಡು ಕವಲುಗಳುಂಟು. ಮೇಲಿನ ನ್ಯಾಯಾಲಯಗಳಲ್ಲಿ ನಿಂತು ವಾದಿಸುವುದು ಮುಖ್ಯವಾಗಿ ಬ್ಯಾರಿಸ್ಟರರ ಕೆಲಸ. ಮನೆ ಕೊಳ್ಳುವುದು, ಉಯಿಲು ಬರೆಯಿಸುವುದು, ವ್ಯಾಪಾರದ ಕರಾರು, ಗಂಡಹೆಂಡಿರ ಬೇರ್ಪಡೆ, ಪೊಲೀಸ್ ಠಾಣೆಗೆ ಕರೆಬಂದಾಗ ಜೊತೆಗೆ ಹೋಗುವುದು, ಇಂತಹ ಕಾರ್ಯಗಳಿಗೆ ಜನರು ಮೊದಲು ಹುಡುಕಿಕೊಂಡು ಹೋಗುವುದು ಸಾಲಿಸಿಟರರ ಬಾಗಿಲಿಗೆ. ಆದುದರಿಂದ ಗೃಹಸ್ಥನ ಸುಖದುಃಖಗಳಿಗೆ ಹೆಚ್ಚು ಹತ್ತಿರವಾದ ವೃತ್ತಿಯಿದು ಎಂದು ಹೇಳಬಹುದು.

ಈ ಬಾಗಿಲು ಹೆಂಗಸರಿಗೆ ತೆರೆದ ಕಥೆ ಬಹಳ ಹಳೆಯದಲ್ಲ. ಮೊದಲು ಹಿರಿಯ ಸಾಲಿಸಿಟರೊಬ್ಬನ ಕಚೇರಿಯಲ್ಲಿ ಒಪ್ಪಂದ ಬರೆದುಕೊಟ್ಟು ಐದು ವರ್ಷ ಗುಮಾಸ್ತನಾಗಿ ದುಡಿಯುವುದೇ ಶಿಕ್ಷಣವಾಗಿದ್ದಿತು. ಲಿಖಿತ ಪರೀಕ್ಷೆಗಳು ಮೊದಲಾದದ್ದು ೧೮೩೬ರಲ್ಲಿ. ೧೯೧೩ರಲ್ಲಿ ಗ್ವಿನೆತ್ ಬೆಬ್ ಎಂಬಾಕೆ ತನಗೂ ಪರೀಕ್ಷೆಗೆ ಕುಳಿತುಕೊಳ್ಳುವ ಹಕ್ಕುಂಟೆಂದು ಮೊಕದ್ದಮೆ ಹೂಡಿದಳು. ೧೮೪೩ರ ಸಾಲಿಸಿಟರರ ಕಾಯಿದೆಯಲ್ಲಿರುವ ‘ವ್ಯಕ್ತಿ’ ಎಂಬ ಮಾತಿಗೆ ಹೆಂಗಸು ಸೇರುವುದಿಲ್ಲವೆಂದು ನ್ಯಾಯಾಲಯಗಳು ತೀರ್ಮಾನಿಸಿದವು. ೧೯೧೯ರಲ್ಲಿ ಕಾಯಿದೆ ಬದಲಾಯಿತು. ಬೆಬ್ ಬ್ಯಾರಿಸ್ಟರಾಗುವುದಕ್ಕೆ ಮುಂಚೆಯೇ ೧೯೨೧ರಲ್ಲಿ ತೀರಿಕೊಂಡಳು. ೧೯೨೨ರ ಡಿಸೆಂಬರಿನಲ್ಲಿ ಕ್ಯಾರಿ ಮಾರಿಸನ್ ಎಂಬಾಕೆ ಮೊದಲನೆಯ ಮಹಿಳಾ ಸಾಲಿಸಿಟರಾದಳು. ನಮ್ಮವರೇ ಆದ, ನಾಸಿಕದಲ್ಲಿ ಹುಟ್ಟಿದ ಕಾರ್ನೀಲಿಯಾ ಸೊರಾಬ್ಜಿಯವರು ೧೮೯೨ರಲ್ಲಿಯೇ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಉನ್ನತ ಪರೀಕ್ಷೆಗೆ ವಿಶೇಷ ಅನುಮತಿಯಿಂದ ಕುಳಿತವರು. ಆದರೂ ಭಾರತದಲ್ಲಿ ಹೆಂಗಸರಿಗೆ ವಕೀಲಿ ಮಾಡುವ ಹಕ್ಕು ಬಂದದ್ದು ೧೯೨೩ರ ಕಾಯಿದೆಯಿಂದ. ನಮ್ಮ ಸೊಸೆ ತನ್ನ ಮೇಜಿನ ಎದುರಿನ ಗೋಡೆಗೆ ಒಂದು ಚೀಟಿಯನ್ನು ಅಂಟಿಸಿಕೊಂಡಿದ್ದಳು. ಅದರಲ್ಲಿ ‘೧೯೧೩, ೧೯೧೯, ೧೯೨೨’ ಎಂಬ ಮೂರು ಇಸವಿಗಳ ಹೊರತು ಬೇರೇನೂ ಇರಲಿಲ್ಲ.

ಈಗಿನ ಪರೀಕ್ಷೆಯು ೨೦೨೧ರಲ್ಲಿ ಜಾರಿಗೆ ಬಂದದ್ದು. ಅದಕ್ಕೆ ಎರಡು ಭಾಗಗಳು. ಮೊದಲನೆಯ ಭಾಗದಲ್ಲಿ ಎರಡು ಪತ್ರಿಕೆಗಳು. ಒಂದೊಂದಕ್ಕೆ ೧೮೦ರಂತೆ ಒಟ್ಟು ೩೬೦ ಪ್ರಶ್ನೆಗಳು. ಪ್ರತಿಯೊಂದು ಪ್ರಶ್ನೆಗೂ ಐದು ಉತ್ತರಗಳನ್ನು ಕೊಟ್ಟಿರುತ್ತಾರೆ; ಅವುಗಳಲ್ಲಿ ಅತ್ಯುತ್ತಮವಾದುದನ್ನು ಆರಿಸಬೇಕು. ಪುಸ್ತಕ, ಟಿಪ್ಪಣಿ, ಕಾಯಿದೆಯ ಪ್ರತಿ ಯಾವುದನ್ನೂ ಒಳಗೆ ಒಯ್ಯುವಂತಿಲ್ಲ. ೯೦ ಪ್ರಶ್ನೆಗಳಿಗೆ ೨ ಗಂಟೆ ೩೩ ನಿಮಿಷ. ಬಿಡುವಿನ ತರುವಾಯ ಮತ್ತೆ ಅಷ್ಟೇ. ನಾವು ಲೆಕ್ಕ ಹಾಕಿ ನೋಡಿದಾಗ ಒಂದು ಪ್ರಶ್ನೆಗೆ ದೊರೆಯುವುದು ೧೦೨ ಸೆಕೆಂಡು. ಎರಡನೆಯ ಭಾಗದಲ್ಲಿ ೧೬ ಕಾರ್ಯಗಳು: ೧೨ ಬರವಣಿಗೆಯವು, ೪ ಮಾತಿನವು. ಎರಡೂ ಭಾಗಗಳ ಶುಲ್ಕವು ಆರಂಭದಲ್ಲಿ ೩,೯೮೦ ಪೌಂಡುಗಳಾಗಿದ್ದು ಆಮೇಲೆ ಏರುತ್ತ ಬಂದಿದೆ. ಹೊರದೇಶದಲ್ಲಿ ಅರ್ಹತೆ ಪಡೆದು ಸಾಕಷ್ಟು ಕಾಲ ವೃತ್ತಿ ನಡೆಸಿದ ವಕೀಲರು ಎರಡನೆಯ ಭಾಗದಿಂದ ವಿನಾಯಿತಿ ಬೇಡಬಹುದು. ನಮ್ಮ ಸೊಸೆಯ ಒಂದೂವರೆ ವರ್ಷವು ಅದಕ್ಕೆ ಸಾಲದು. ಎಲ್ಲಕ್ಕಿಂತಲೂ ಕಠಿಣವಾದ ನಿಯಮವೊಂದಿದೆ: ಮೊದಲ ಸಲ ಕುಳಿತಂದಿನಿಂದ ಆರು ವರ್ಷಗಳೊಳಗೆ ಮೂರು ಪ್ರಯತ್ನಗಳು ಮಾತ್ರ. ಮೂರೂ ಸೋತರೆ ಆ ಆರು ವರ್ಷ ಮುಗಿಯುವವರೆಗೆ ಕಾಯಬೇಕು.

ನಮ್ಮ ಸೊಸೆ ೨೦೨೪ರ ಜನವರಿಯಲ್ಲಿ ಮೊದಲ ಸಲ ಕುಳಿತಳು. ಕರಾರು, ಅಪಕೃತ್ಯ, ವ್ಯಾಪಾರ, ವ್ಯಾಜ್ಯ, ರಾಜ್ಯಾಂಗ ಇವುಗಳನ್ನೊಳಗೊಂಡ ಮೊದಲನೆಯ ಪತ್ರಿಕೆಯಲ್ಲಿ ತೇರ್ಗಡೆಯಾಯಿತು. ಭೂಮಿ, ನ್ಯಾಸ, ಉಯಿಲು, ಅಪರಾಧ, ಸಾಲಿಸಿಟರರ ಲೆಕ್ಕಪತ್ರ ಇವುಗಳ ಎರಡನೆಯ ಪತ್ರಿಕೆಯಲ್ಲಿ ಆಗಲಿಲ್ಲ. ಆ ವರ್ಷದ ಏಪ್ರಿಲಿನಲ್ಲಿ ಒಂದು ವಿಚಿತ್ರವಾದ ಸುದ್ದಿ ಬಂದಿತು. ಅಂಕಗಳನ್ನು ಪೂರ್ಣಾಂಕಕ್ಕೆ ತರುವ ಲೆಕ್ಕದಲ್ಲಿ ತಪ್ಪಾಗಿ, ತೇರ್ಗಡೆಯಾಗಿದ್ದ ೧೭೫ ಮಂದಿಗೆ ಅನುತ್ತೀರ್ಣರೆಂದು ತಿಳಿಸಲಾಗಿತ್ತಂತೆ. ಅದು ಇವಳು ಕುಳಿತಿದ್ದ ಜನವರಿಯ ಪರೀಕ್ಷೆಯೇ. ಆ ಸಂಜೆ ನಮ್ಮ ಮನೆಯಲ್ಲಿ ಯಾರೂ ಯಾರೊಡನೆಯೂ ಮಾತನಾಡಲಿಲ್ಲ; ಎಲ್ಲರ ಕಣ್ಣೂ ಅವಳ ಕೈಯಲ್ಲಿದ್ದ ಫೋನಿನ ಮೇಲೆ. ಆ ೧೭೫ರಲ್ಲಿ ಅವಳಿರಲಿಲ್ಲ. ಇಂತಹ ತಪ್ಪಿನಿಂದ ಕೆಲವರು ದೊರೆತಿದ್ದ ಕೆಲಸದ ಭರವಸೆಯನ್ನೇ ಕಳೆದುಕೊಂಡರೆಂದು ಪತ್ರಿಕೆಗಳು ಬರೆದವು. ಅದನ್ನೋದಿ ನಮ್ಮ ಸೊಸೆ, “ನನ್ನದು ನನ್ನ ಸೋಲೇ ಎಂದು ಗಟ್ಟಿಯಾಯಿತಲ್ಲ, ಅವರ ಪಾಡು ನೋಡಿ” ಎಂದಳು.

ಅದೇ ವರ್ಷದ ಜುಲೈಯಲ್ಲಿ ಎರಡನೆಯ ಪತ್ರಿಕೆಗೆ ಮತ್ತೆ ಕುಳಿತಳು. ಆ ಸಲ ಮೊದಲನೆಯ ಭಾಗದಲ್ಲಿ ಒಟ್ಟು ಉತ್ತೀರ್ಣರಾದವರು ನೂರಕ್ಕೆ ೪೪ ಮಂದಿ. ಇವಳಿಗೆ ಕೆಲವೇ ಅಂಕಗಳು ಕಡಮೆಯಾದವು. ಇನ್ನುಳಿದದ್ದು ಒಂದು ಪ್ರಯತ್ನ. ಅದೂ ತಪ್ಪಿದರೆ ೨೦೩೦ರವರೆಗೆ ಕಾಯಬೇಕು. ಅಷ್ಟರಲ್ಲಿ ಮಗುವಿಗೆ ಹನ್ನೊಂದು ವರ್ಷ.

ಆಗ ಬಂದ ಮಾತುಗಳನ್ನು ಇಲ್ಲಿ ಬರೆಯಬೇಕು, ಏಕೆಂದರೆ ಅವು ಒಂದು ಮನೆಯ ಮಾತುಗಳಲ್ಲ. ಹುಬ್ಬಳ್ಳಿಯಿಂದ ಅವಳ ತಾಯಿ, “ಇಷ್ಟಾಯಿತಲ್ಲವ್ವಾ, ಇನ್ನು ಸಾಕು, ಇನ್ನೊಂದು ಕೂಸಿನ ಯೋಚನೆ ಮಾಡು” ಎಂದರು. ಅವರ ಮಾತಿನಲ್ಲಿ ಪ್ರೀತಿಯೇ ಇದ್ದಿತು. ನಮ್ಮ ಮಗನು ಹೆಂಡತಿ ಸೊರಗುವುದನ್ನು ನೋಡಲಾರದೆ, ಒಂದು ವರ್ಷ ಬಿಟ್ಟು ನೋಡೋಣವೆಂದನು. ನಮ್ಮ ಮನೆಯವರು ಬಹಳ ಹೊತ್ತು ಸುಮ್ಮನಿದ್ದು, “ಇವಳು ಓದುವಾಗ ಸೊರಗಿದ್ದಾಳೆಯೋ, ಮತ್ತೊಬ್ಬರ ಸಹಿಗಾಗಿ ಕಾಯುವಾಗ ಸೊರಗಿದ್ದಾಳೆಯೋ, ಅದನ್ನು ಮೊದಲು ತಿಳಿದುಕೊಳ್ಳಿರಿ” ಎಂದರು. ಅದಕ್ಕೆ ಯಾರಿಂದಲೂ ಉತ್ತರ ಬರಲಿಲ್ಲ. ಅಡಿಗೆಮನೆಯನ್ನು ಹೊಸದಾಗಿ ಕಟ್ಟಿಸಬೇಕೆಂದು ಕೂಡಿಟ್ಟಿದ್ದ ಹಣವೊಂದು ನಮ್ಮಲ್ಲಿತ್ತು. ಅದರಿಂದ ಶುಲ್ಕವನ್ನು ಕಟ್ಟುವುದೆಂದೂ, ಅವಳು ಮೂರು ತಿಂಗಳು ಕಚೇರಿಯ ಕೆಲಸವನ್ನು ಅರ್ಧಕ್ಕೆ ಇಳಿಸಿಕೊಳ್ಳುವುದೆಂದೂ ನಿಶ್ಚಯವಾಯಿತು. ಹಳೆಯ ಅಡಿಗೆಮನೆಯ ಬಾಗಿಲುಗಳು ಇಂದಿಗೂ ಕಿರುಗುಟ್ಟುತ್ತಿವೆ; ಅದರಿಂದ ಸಾರಿನ ರುಚಿ ಕೆಟ್ಟಿಲ್ಲ.

ಎರಡನೆಯ ಪತ್ರಿಕೆ ನಮ್ಮ ದೇಶದಲ್ಲಿ ಕಲಿತವರಿಗೆ ಏಕೆ ತೊಡಕಾಗುವುದೆಂಬುದು ನಮಗೆ ಆ ಚಳಿಗಾಲದಲ್ಲಿ ತಿಳಿಯಿತು. ಅವಳು ಪಾಠವನ್ನು ನಮಗೆ ಹೇಳಿಕೊಡುವುದೆಂದೂ, ನಮಗೆ ಅರ್ಥವಾದರೆ ಅವಳಿಗೆ ಬಂದಿದೆಯೆಂದು ತಿಳಿಯುವುದೆಂದೂ ಒಂದು ಏರ್ಪಾಡು ಮಾಡಿಕೊಂಡೆವು. ಇಂಗ್ಲೆಂಡಿನಲ್ಲಿ ಒಂದು ಮನೆಗೆ ಎರಡು ಬಗೆಯ ಒಡೆತನವಿರಬಹುದು. ಕಾಗದದಲ್ಲಿ ಹೆಸರಿರುವ ಒಡೆತನವೊಂದು. ಅದರ ಫಲವನ್ನು ಅನುಭವಿಸುವ ಒಡೆತನ ಮತ್ತೊಂದು. ಇವೆರಡೂ ಬೇರೆ ಬೇರೆಯವರಲ್ಲಿರಬಹುದು. ಭಾರತದ ಕಾನೂನು ಈ ಭೇದವನ್ನು ಒಪ್ಪುವುದಿಲ್ಲ. ೧೮೮೨ರ ಸ್ವತ್ತಿನ ವರ್ಗಾವಣೆ ಕಾಯಿದೆಯ ಪ್ರಕಾರ ಕ್ರಯದ ಕರಾರು ಬರೆದುಕೊಂಡ ಮಾತ್ರಕ್ಕೆ ಕೊಳ್ಳುವವನಿಗೆ ಸ್ವತ್ತಿನಲ್ಲಿ ಹಕ್ಕು ಹುಟ್ಟದು. ಇಲ್ಲಿಯಾದರೋ ಕರಾರಾದೊಡನೆಯೇ ಅವನಿಗೆ ಒಂದು ಬಗೆಯ ಹಕ್ಕು ಬಂದುಬಿಡುತ್ತದೆ. ಅಲ್ಲಿ ಕಲಿತದ್ದನ್ನು ಮರೆಯದೆ, ಇಲ್ಲಿ ಕಲಿತದ್ದನ್ನು ಅದರೊಡನೆ ಬೆರಸದೆ, ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಇಡಬೇಕಾಗಿದ್ದಿತು. ೧೦೨ ಸೆಕೆಂಡುಗಳಲ್ಲಿ ಕೈ ತಪ್ಪಿ ಹಳೆಯ ಪಾತ್ರೆಗೆ ಹೋಗುವುದು ಸಹಜ.

ಉಯಿಲಿನ ವಿಷಯವೂ ಹೀಗೆಯೇ. ಇಲ್ಲಿನ ೧೮೩೭ರ ಕಾಯಿದೆಯಂತೆ ಉಯಿಲು ಮಾಡುವವನು ಸಹಿ ಹಾಕುವಾಗ, ಅಥವಾ ಹಾಕಿದ ಸಹಿಯನ್ನು ತನ್ನದೆಂದು ಒಪ್ಪುವಾಗ, ಇಬ್ಬರು ಸಾಕ್ಷಿಗಳೂ ಒಟ್ಟಿಗೆ ಎದುರಿನಲ್ಲಿರಬೇಕು. ಭಾರತದ ೧೯೨೫ರ ಉತ್ತರಾಧಿಕಾರ ಕಾಯಿದೆಯೂ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ಆದರೆ ಅವರು ಒಂದೇ ಹೊತ್ತಿನಲ್ಲಿ ಇರಲೇಬೇಕೆಂದು ಹೇಳುವುದಿಲ್ಲ. ಇಲ್ಲಿ ಉಯಿಲು ಮಾಡಿದ ಮೇಲೆ ಮದುವೆಯಾದರೆ ಸಾಮಾನ್ಯವಾಗಿ ಆ ಉಯಿಲು ರದ್ದಾಗುತ್ತದೆ. ಭಾರತದಲ್ಲಿ ಹಿಂದುವಿನ ಉಯಿಲು ಮದುವೆಯಿಂದ ರದ್ದಾಗದು. ಇದನ್ನು ಓದಿದ ದಿನ ಅವಳು ನಮ್ಮ ಉಯಿಲನ್ನು ತರಿಸಿಕೊಂಡು, ಸಾಕ್ಷಿ ಹಾಕಿದವರು ಯಾರು, ಆಗ ಇಬ್ಬರೂ ಕೋಣೆಯಲ್ಲಿದ್ದರೇ, ಯಾರು ಮೊದಲು ಸಹಿ ಹಾಕಿದರು ಎಂದು ಪಾಟೀಸವಾಲು ಮಾಡಿದಳು. ನೆರೆಮನೆಯ ಹಿರಿಯ ದಂಪತಿಗಳು ಅಂದು ಒಟ್ಟಿಗೆ ಚಹಕ್ಕೆ ಬಂದಿದ್ದುದು ನಮಗೆ ಚೆನ್ನಾಗಿ ನೆನಪಿದ್ದಿತು. ಉಯಿಲು ಸರಿಯಾಗಿಯೇ ಇದ್ದಿತು. ಮಾವನ ಮರಣಶಾಸನವನ್ನು ಸೊಸೆಯು ಮೇಜಿನ ಮೇಲಿಟ್ಟುಕೊಂಡು ಪರೀಕ್ಷಿಸುವುದು ನಮ್ಮ ಹಿರಿಯರ ಕಾಲದಲ್ಲಿ ಅಶುಭವೆನಿಸುತ್ತಿದ್ದಿತು. ನಮಗೆ ಅಂದು ಒಂದು ಬಗೆಯ ನಿಶ್ಚಿಂತೆಯುಂಟಾಯಿತು.

ಅವಳ ಪುಸ್ತಕಗಳಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಎಲ್ಲಕ್ಕಿಂತ ಒಣದಾಗಿ ತೋರುವ ಲೆಕ್ಕಪತ್ರದ ಭಾಗ. ಸಾಲಿಸಿಟರನು ಕಕ್ಷಿಗಾರನ ಹಣವನ್ನು ತನ್ನ ಹಣದೊಡನೆ ಬೆರಸಕೂಡದು. ಅದಕ್ಕೆ ಪ್ರತ್ಯೇಕ ಖಾತೆಯಿರಬೇಕು. ಐದು ವಾರಗಳಿಗೊಮ್ಮೆಯಾದರೂ ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡಬೇಕು. ಕಚೇರಿಯ ಬಾಡಿಗೆಗೆ ಒಂದು ದಿನದ ಮಟ್ಟಿಗೂ ಅದನ್ನು ಮುಟ್ಟುವಂತಿಲ್ಲ. ನಮ್ಮ ಊರಿನಲ್ಲಿ ದೇವರ ಹುಂಡಿಯ ಹಣವನ್ನು ಕಾಯುತ್ತಿದ್ದ ಹಿರಿಯರು ಅದನ್ನು ತಮ್ಮ ಮನೆಯ ಪೆಟ್ಟಿಗೆಯಲ್ಲಿ ಇಡುತ್ತಿರಲಿಲ್ಲ. ಬೇರೆ ಗಂಟು, ಬೇರೆ ಗೂಡು. ಕಾರಣ ಕೇಳಿದರೆ, “ಕಳವಾಗುವ ಭಯವಲ್ಲ, ಮರೆವಾಗುವ ಭಯ” ಎನ್ನುತ್ತಿದ್ದರು. ಈ ನಿಯಮದ ತಿರುಳೂ ಅದೇ.

ಮೂರನೆಯ ಪ್ರಯತ್ನಕ್ಕೆ ಅವಳು ಅಭ್ಯಾಸದ ಕ್ರಮವನ್ನೇ ಬದಲಿಸಿದಳು. ಬೆಳಗಿನ ನಾಲ್ಕೂವರೆಯಿಂದ ಏಳರವರೆಗೆ ಓದು. ಓದಿಗಿಂತ ಹೆಚ್ಚಾಗಿ ಪ್ರಶ್ನೆಗಳನ್ನು ಬಿಡಿಸುವುದು. ಸರಿಯುತ್ತರ ಯಾವುದೆಂಬುದಲ್ಲದೆ ಉಳಿದ ನಾಲ್ಕು ಏಕೆ ಸಲ್ಲವೆಂಬುದನ್ನೂ ಒಂದು ನೋಟುಪುಸ್ತಕದಲ್ಲಿ ಬರೆಯುವುದು. ಇಂತಹ ನೋಟುಪುಸ್ತಕಗಳು ಒಂಬತ್ತಾದವು. ಭಾನುವಾರ ಮಧ್ಯಾಹ್ನ ಗಡಿಯಾರವನ್ನಿಟ್ಟುಕೊಂಡು ೯೦ ಪ್ರಶ್ನೆಗಳ ಪರೀಕ್ಷೆ. ಮಗುವನ್ನು ಎಬ್ಬಿಸಿ, ಉಣ್ಣಿಸಿ, ಶಾಲೆಗೆ ಬಿಟ್ಟುಬರುವುದು ನಮ್ಮ ಪಾಲಿಗೆ ಬಂದಿತು. ರಾತ್ರಿಯ ಅಡಿಗೆ ಮಗನದು. ಅವನಿಗೆ ಬರುತ್ತಿದ್ದುದು ಚಿತ್ರಾನ್ನ ಮತ್ತು ತೊವ್ವೆ ಎಂಬ ಎರಡೇ ಆದ್ದರಿಂದ ನಾವು ಆ ಚಳಿಗಾಲವಿಡೀ ಅವೆರಡನ್ನೇ ಉಂಡೆವು. ನೆಂಟರಿಗೆ ಮೊದಲೇ ತಿಳಿಸಿ ಬರಹೋಗುವುದನ್ನು ನಿಲ್ಲಿಸಿದೆವು. “ಓದು ಹೇಗೆ ನಡೆದಿದೆ?” ಎಂದು ಯಾರೂ ಕೇಳಕೂಡದೆಂದು ನಮ್ಮ ಮನೆಯವರು ಕಟ್ಟಪ್ಪಣೆ ಮಾಡಿದರು. ಈ ಕೊನೆಯದು ಎಲ್ಲಕ್ಕಿಂತಲೂ ಕಷ್ಟವಾದ ನಿಯಮವಾಗಿದ್ದಿತು. ಉಪಕಾರವಾದದ್ದೂ ಅದರಿಂದಲೇ ಹೆಚ್ಚು.

೨೦೨೫ರ ಜನವರಿಯಲ್ಲಿ ಪರೀಕ್ಷೆಯಾಯಿತು. ಕೆಲವು ವಾರಗಳ ತರುವಾಯ ಫಲಿತಾಂಶ ಬಂದ ದಿನ ಅವಳು ಕಚೇರಿಯಿಂದ ಫೋನು ಮಾಡಲಿಲ್ಲ; ಮನೆಗೆ ಬಂದು, ಬೂಟು ಬಿಚ್ಚಿ, ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಆಮೇಲೆ “ಆಯಿತು” ಎಂದಳು. ಹುಬ್ಬಳ್ಳಿಗೆ ಫೋನು ಮಾಡಿದಾಗ ಅವಳ ತಾಯಿ ಬಹಳ ಹೊತ್ತು ಮಾತನಾಡಲಾರದೆ ಹೋದರು. ಸಾಕೆಂದು ಹೇಳಿದ ತಾಯಿಯೇ ಮೂರು ತಿಂಗಳಿಂದ ಪ್ರತಿ ಸೋಮವಾರ ಉಪವಾಸವಿದ್ದರೆಂಬುದು ಆಗ ನಮಗೆ ತಿಳಿಯಿತು.

ಇಂತಹ ಪರೀಕ್ಷೆಯು ಒಳ್ಳೆಯ ಸಾಲಿಸಿಟರನ್ನು ಆರಿಸಬಲ್ಲುದೇ ಎಂದು ಕೇಳುವವರುಂಟು. ಐದರಲ್ಲಿ ಒಂದನ್ನು ಆರಿಸುವ ಚಾತುರ್ಯಕ್ಕೂ, ಗಂಡ ಸತ್ತ ಹೆಂಗಸೊಬ್ಬಳು ಕಾಗದದ ಕಟ್ಟನ್ನು ಹಿಡಿದುಕೊಂಡು ಬಂದಾಗ ಅವಳಿಗೆ ಧೈರ್ಯ ಹೇಳುವುದಕ್ಕೂ ಏನು ಸಂಬಂಧವೆಂದು ನಾವೂ ಯೋಚಿಸಿದ್ದುಂಟು. ನಮಗೆ ತೋರುವುದಿಷ್ಟು: ಆ ಹೆಂಗಸಿಗೆ ಧೈರ್ಯ ಹೇಳುವವರಿಗೆ ಮನೆ ಯಾರ ಪಾಲಿಗೆ ಹೋಗುವುದೆಂಬುದು ನಿಶ್ಚಯವಾಗಿ ತಿಳಿದಿರಬೇಕು. ಗಂಡಹೆಂಡಿರಿಬ್ಬರೂ ಪಾಲುಗಳಿಲ್ಲದೆ ಒಟ್ಟಾಗಿ ಒಡೆಯರಾಗಿದ್ದರೆ ಮನೆ ಉಳಿದವರಿಗೆ ಸಲ್ಲುವುದು. ಪಾಲುಗಳಿದ್ದರೆ ಸತ್ತವರ ಪಾಲು ಅವರ ಉಯಿಲಿನಂತೆ ಹೋಗುವುದು. ಇದನ್ನು ತಪ್ಪಾಗಿ ಹೇಳಿದ ಕರುಣೆಯಿಂದ ಅವಳಿಗೆ ಏನು ಪ್ರಯೋಜನ? ಮೊದಲನೆಯ ಭಾಗವು ತಿಳಿವನ್ನು ನೋಡುತ್ತದೆ. ಕರುಣೆಯನ್ನು ನೋಡುವ ಪ್ರಯತ್ನ ಎರಡನೆಯ ಭಾಗದಲ್ಲಿ ಸ್ವಲ್ಪ ಮಟ್ಟಿಗೆ ನಡೆಯುತ್ತದೆ.

ಆ ಎರಡನೆಯ ಭಾಗಕ್ಕೆ ನಮ್ಮ ಮನೆ ಈಗ ಸಿದ್ಧವಾಗುತ್ತಿದೆ. ಅದರಲ್ಲಿ ಕಕ್ಷಿಗಾರನೊಡನೆ ಮಾತನಾಡುವ ಒಂದು ಕಾರ್ಯವುಂಟು. ಹತ್ತು ನಿಮಿಷ ಕಾಗದ ನೋಡಿಕೊಳ್ಳಲು, ಇಪ್ಪತ್ತೈದು ನಿಮಿಷ ಮಾತನಾಡಲು, ಮತ್ತೆ ಇಪ್ಪತ್ತೈದು ನಿಮಿಷ ನಡೆದುದನ್ನು ಬರೆಯಲು. ಕಕ್ಷಿಗಾರನ ಪಾತ್ರ ವಹಿಸಿದವರೇ ಮಾತುಕತೆಗೆ ಅಂಕ ಕೊಡುತ್ತಾರೆ. ತನಗೆ ಇವರಲ್ಲಿ ನಂಬಿಕೆ ಹುಟ್ಟಿತೇ ಎಂಬುದು ಅವರು ನೋಡುವ ಮುಖ್ಯ ಸಂಗತಿ. ನಮ್ಮ ಮನೆಯಲ್ಲಿ ಆ ಪಾತ್ರ ನಮ್ಮ ಮನೆಯವರದು. ಸೊಸೆ ಬರೆದುಕೊಟ್ಟ ಸಂಗತಿಗಳನ್ನು ಅವರು ಓದಿಕೊಂಡು ಬಂದು, ಒಮ್ಮೆ ಮಗನೊಡನೆ ಜಗಳವಾಡಿದ ವೃದ್ಧೆಯಾಗಿ, ಒಮ್ಮೆ ಮನೆ ಮಾರುವ ವಿಧವೆಯಾಗಿ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾರೆ. ಮೊದಲ ದಿನ ಸೊಸೆ ಎರಡನೆಯ ನಿಮಿಷದಲ್ಲಿಯೇ ಕಾನೂನನ್ನು ವಿವರಿಸತೊಡಗಿದಳು. ನಮ್ಮ ಮನೆಯವರು ಕೈಯೆತ್ತಿ, “ತಡೆ. ನಾನು ಇನ್ನೂ ಹೇಳಿ ಮುಗಿಸಿಲ್ಲ” ಎಂದರು. ಸೊಸೆ ಪೆನ್ನನ್ನು ಕೆಳಗಿಟ್ಟಳು.

ಈಗ ಮನೆಯಲ್ಲಿ ಪರೀಕ್ಷೆಗೆ ಓದುತ್ತಿರುವವರಿರುವ ಗೃಹಸ್ಥರಿಗೆ ನಾವು ಹೇಳಬಹುದಾದುದು ಸ್ವಲ್ಪವೇ. ಹಣಕ್ಕಿಂತ ಹೊತ್ತು ದೊಡ್ಡ ಸಹಾಯ. ಹೊತ್ತಿಗಿಂತಲೂ ಪ್ರಶ್ನೆ ಕೇಳದಿರುವುದು ದೊಡ್ಡ ಸಹಾಯ. ಪುಸ್ತಕದಲ್ಲಿರುವುದನ್ನು ಅವರು ವಿವರಿಸಲು ಬಂದರೆ ಕೆಲಸ ಬಿಟ್ಟು ಕುಳಿತು ಕೇಳಿರಿ. ಅರ್ಥವಾಗದಿದ್ದರೆ ಆಗಲಿಲ್ಲವೆಂದೇ ಹೇಳಿರಿ. ನಮ್ಮ ಸೊಸೆ ತೇರ್ಗಡೆಯಾಗುವಳೋ ಇಲ್ಲವೋ, ಬಲ್ಲವರಾರು! ಎರಡನೆಯ ಭಾಗಕ್ಕೂ ಮೂರು ಪ್ರಯತ್ನಗಳುಂಟು, ಅಡಿಗೆಮನೆಯ ಹಣದಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ನಾಳೆ ಸಂಜೆ ಆರು ಗಂಟೆಗೆ ನಮ್ಮ ಮನೆಯವರು ಬೇಲಿಯ ಗಡಿಗಾಗಿ ನೆರೆಯವನ ಮೇಲೆ ದೂರು ತರತಕ್ಕವರಿದ್ದಾರೆ. ಇಂದು ಮಧ್ಯಾಹ್ನದಿಂದಲೇ ಅವರ ಮುಖದಲ್ಲಿ ಆ ನೆರೆಯವನ ಮೇಲಿನ ಕೋಪ ಕಾಣಿಸುತ್ತಿದೆ.